ರಕ್ತದ ಗುಂಪು ಯಾವುದು ಎನ್ನುವ ಮೊದಲು, ವೈರಸ್ ಯಾವುದು?

2020ರ ಮಾರ್ಚ್‌ನಲ್ಲಿ ಚೀನಾದ ವುಹಾನ್‌ನಿಂದ ಒಂದು ಲೆಕ್ಕ ಹೊರಬಿತ್ತು. ಅಲ್ಲಿನ ಜಿನ್‌ಯಿನ್‌ತಾನ್ ಆಸ್ಪತ್ರೆಯ 1,775 ಕೋವಿಡ್ ರೋಗಿಗಳಲ್ಲಿ ಶೇ. 37.75 ಮಂದಿ ಎ ಗುಂಪಿನವರು. ಊರಿನ ಸಾಮಾನ್ಯ ಜನರಲ್ಲಿ ಎ ಗುಂಪಿನವರ ಪಾಲು ಶೇ. 32.16. ಒ ಗುಂಪಿನದು ಇದರ ತಿರುಗುಮುರುಗು: ರೋಗಿಗಳಲ್ಲಿ ಶೇ. 25.80, ಊರಿನಲ್ಲಿ ಶೇ. 33.84. ಬೇರೆ ತಜ್ಞರು ಇನ್ನೂ ಪರಿಶೀಲಿಸದಿದ್ದ ಆ ಕರಡು ಕೆಲವೇ ದಿನಗಳಲ್ಲಿ ನಮ್ಮ ಮೊಬೈಲ್‌ಗಳಿಗೆ ಬರುವಷ್ಟರಲ್ಲಿ ಅಂಕಿಗಳೆಲ್ಲ ಉದುರಿಹೋಗಿ, ‘ಎ ಗುಂಪಿನವರೇ ಎಚ್ಚರ, ಒ ಗುಂಪಿನವರಿಗೆ ಭಯವಿಲ್ಲ’ ಎಂಬ ಸಾಲು ಮಾತ್ರ ಉಳಿದಿತ್ತು. ಆ ಸಾಲು ಇನ್ನೂ ಜನರ ಬಾಯಲ್ಲಿದೆ.

ರಕ್ತದ ಗುಂಪಿಗೂ ವೈರಸ್ ಸೋಂಕಿಗೂ ಸಂಬಂಧ ಇದೆಯೇ? ಇದೆ. ಕೆಲವು ವೈರಸ್‌ಗಳ ಮಟ್ಟಿಗೆ ಅದು ಎಷ್ಟು ಗಟ್ಟಿ ಎಂದರೆ, ಕೋಶಗಳ ಮೈಮೇಲೆ ಇರುವ ಒಂದು ಬಗೆಯ ಸಕ್ಕರೆ ಅಣು ಇಲ್ಲದವರಿಗೆ ಸೋಂಕೇ ತಗಲುವುದಿಲ್ಲ. ಇನ್ನು ಕೆಲವಕ್ಕೆ ಸಂಬಂಧ ಇದ್ದರೂ ತೀರ ತೆಳು. ದೊಡ್ಡ ಜನಸಂಖ್ಯೆಯನ್ನು ಅಳೆದರೆ ಮಾತ್ರ ಕಾಣುವಷ್ಟು. ಒಂದು ವೈರಸ್‌ಗೆ ಅನುಕೂಲವಾದ ಗುಂಪು ಇನ್ನೊಂದಕ್ಕೆ ಅಡ್ಡಿಯಾಗಬಹುದು. ಹಾಗಾಗಿ ‘ಯಾವ ಗುಂಪು ಒಳ್ಳೆಯದು’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ವೈರಸ್, ಅದು ಮೈಯಲ್ಲಿ ಯಾವ ಸಕ್ಕರೆಯನ್ನು ಹಿಡಿಯುತ್ತದೆ, ಆ ಸಕ್ಕರೆ ನಮ್ಮ ದೇಹದ ಯಾವ ಜಾಗದಲ್ಲಿದೆ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ತುದಿಯ ಸಕ್ಕರೆ

ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಅಣುಗಳು ಒಂದಕ್ಕೊಂದು ಪೋಣಿಸಿಕೊಂಡು ಹೊರಗೆ ಚಾಚಿಕೊಂಡಿರುತ್ತವೆ. ಜಡೆಯ ತುದಿಗೆ ಕುಚ್ಚು ಕಟ್ಟಿದಂತೆ, ಆ ಸರದ ತುದಿಯಲ್ಲಿ ಯಾವ ಸಕ್ಕರೆ ಇದೆ ಎಂಬುದೇ ಎ, ಬಿ, ಒ ಗುಂಪುಗಳ ನಡುವಿನ ವ್ಯತ್ಯಾಸ. ಮೊದಲು ಫ್ಯೂಕೋಸ್ ಎಂಬ ಸಕ್ಕರೆ ಸೇರುತ್ತದೆ. ಆಗ ಸಿಗುವ ರಚನೆಗೆ ‘ಎಚ್’ ಎಂದು ಹೆಸರು. ಎಚ್‌ಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಸೇರಿದರೆ ಎ ಗುಂಪು, ಗ್ಯಾಲಕ್ಟೋಸ್ ಸೇರಿದರೆ ಬಿ ಗುಂಪು. ಎರಡೂ ಬಗೆಯ ತುದಿಗಳಿದ್ದರೆ ಎಬಿ. ಏನೂ ಸೇರದೆ ಎಚ್ ಹಾಗೇ ಉಳಿದರೆ ಒ. ಒಂದು ರಕ್ತಕಣದ ಮೇಲೆ ಇಂಥ ತುದಿಗಳು ಸುಮಾರು ಹತ್ತು ಲಕ್ಷ ಇರುತ್ತವೆ.

ಈ ಗುಂಪುಗಳನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ವಿಯೆನ್ನಾದಲ್ಲಿ ಗುರುತಿಸಿ ಪ್ರಕಟಿಸಿದ್ದು 1901ರಲ್ಲಿ. ಅದರ ಹಿಂದಿನ ಜೀನ್ ಕೈಗೆ ಸಿಕ್ಕಿದ್ದು 1990ರಲ್ಲಿ. ಆ ಜೀನ್ 9ನೇ ಕ್ರೋಮೋಸೋಮಿನಲ್ಲಿದೆ; ಅದು ತಯಾರಿಸುವ ಕಿಣ್ವವೇ ತುದಿಗೆ ಸಕ್ಕರೆ ಜೋಡಿಸುವ ಕೆಲಸ ಮಾಡುತ್ತದೆ. ಎ ಕಿಣ್ವಕ್ಕೂ ಬಿ ಕಿಣ್ವಕ್ಕೂ ನಾಲ್ಕೇ ಅಮೈನೋ ಆಮ್ಲಗಳ ವ್ಯತ್ಯಾಸ. ಒ ಗುಂಪಿನ ಬಹುಪಾಲು ಜನರಲ್ಲಿ ಜೀನಿನ ಒಂದೇ ಒಂದು ಅಕ್ಷರ ಬಿಟ್ಟುಹೋಗಿ ಕಿಣ್ವ ಅರ್ಧಕ್ಕೇ ಮುಗಿದುಬಿಡುತ್ತದೆ.

ಇಷ್ಟು ಶಾಲೆಯ ಪಾಠ. ಮುಂದಿನ ಮಾತು ಬಹಳ ಜನರಿಗೆ ಹೊಸದು. ಈ ಸಕ್ಕರೆಗಳು ಇರುವುದು ರಕ್ತದಲ್ಲಿ ಮಾತ್ರ ಅಲ್ಲ. ಬಾಯಿ, ಮೂಗು, ಶ್ವಾಸನಾಳ, ಕರುಳು, ಹೀಗೆ ವೈರಸ್ ಮೊದಲು ಕಾಲಿಡುವ ಲೋಳೆಪೊರೆಗಳ ಮೇಲೂ ಇವೆ. ಜೊಲ್ಲಿನಲ್ಲಿ ಕರಗಿಯೂ ಇವೆ. ಆದರೆ ಎಲ್ಲರಲ್ಲೂ ಇಲ್ಲ. ರಕ್ತಕಣದ ಮೇಲೆ ಎಚ್ ಕಟ್ಟುವುದು ಎಫ್‌ಯುಟಿ1 ಎಂಬ ಜೀನ್. ಲೋಳೆಪೊರೆಯ ಮೇಲೆ ಕಟ್ಟುವುದು ಎಫ್‌ಯುಟಿ2. ಎರಡೂ 19ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇದ್ದರೂ ಅವುಗಳ ಕೆಲಸದ ಜಾಗ ಬೇರೆ. ಎಫ್‌ಯುಟಿ2 ಕೆಲಸ ಮಾಡುವವರನ್ನು ‘ಸೆಕ್ರೆಟರ್’ ಎನ್ನುತ್ತಾರೆ, ಅದು ಕೆಟ್ಟಿರುವವರನ್ನು ‘ನಾನ್-ಸೆಕ್ರೆಟರ್’. ಯುರೋಪಿನಲ್ಲಿ ಐದರಲ್ಲಿ ಸುಮಾರು ಒಬ್ಬರು ನಾನ್-ಸೆಕ್ರೆಟರ್. ನಮ್ಮ ಉಪಖಂಡದಲ್ಲೂ ಅವರು ಅಪರೂಪವೇನಲ್ಲ. ರಕ್ತದಲ್ಲಿ ಅಪ್ಪಟ ಎ ಗುಂಪಾಗಿದ್ದು, ಕರುಳಿನ ಒಳಮೈಯಲ್ಲಿ ಎ ಸಕ್ಕರೆ ಇಲ್ಲದ ಮನುಷ್ಯ ಇರಬಹುದು. ಕಾರ್ಡಿನಲ್ಲಿ ‘ಎ ಪಾಸಿಟಿವ್’ ಎಂದಷ್ಟೇ ಬರೆದಿರುತ್ತದೆ. ಹೊಟ್ಟೆಗೆ ಸಂಬಂಧಿಸಿದ ವೈರಸ್‌ಗಳ ಮಟ್ಟಿಗೆ ಮುಖ್ಯವಾದ ಸಂಗತಿ ಆ ಕಾರ್ಡಿನಲ್ಲಿ ಇಲ್ಲವೇ ಇಲ್ಲ.

ಕರುಳಿನ ವೈರಸ್‌ಗಳು

1968ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ನಾರ್ವಾಕ್ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೂ ಮೇಷ್ಟ್ರುಗಳಿಗೂ ಒಟ್ಟಿಗೇ ವಾಂತಿ-ಭೇದಿ ಶುರುವಾಯಿತು. 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದಕ್ಕೆ ಕಾರಣವಾದ ವೈರಸ್ಸನ್ನು ಕಂಡರು. ಇಂದು ನೊರೊವೈರಸ್ ಎನ್ನುವ ಕುಟುಂಬಕ್ಕೆ ಹೆಸರು ಬಂದದ್ದು ಆ ಊರಿನಿಂದ. ಆಮೇಲೆ ಸ್ವಯಂಸೇವಕರಿಗೆ ಈ ವೈರಸ್ ಕುಡಿಸಿ ನೋಡುವ ಪ್ರಯೋಗಗಳು ನಡೆದವು. ಪ್ರತಿ ಸಲವೂ ಕೆಲವರಿಗೆ ಎಷ್ಟು ಕುಡಿಸಿದರೂ ಏನೂ ಆಗುತ್ತಿರಲಿಲ್ಲ. ಹಿಂದೆ ಸೋಂಕು ಬಂದು ನಿರೋಧಕ ಶಕ್ತಿ ಬೆಳೆದಿರಬಹುದೇ ಎಂದು ನೋಡಿದರೆ, ಅವರ ರಕ್ತದಲ್ಲಿ ಅದರ ಗುರುತೂ ಇರಲಿಲ್ಲ.

2003ರಲ್ಲಿ 77 ಸ್ವಯಂಸೇವಕರ ಮೇಲೆ ನಡೆದ ಪ್ರಯೋಗದಲ್ಲಿ ಗಂಟು ಬಿಚ್ಚಿತು. ನಾನ್-ಸೆಕ್ರೆಟರ್ ಆಗಿದ್ದವರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ, ವೈರಸ್‌ನ ಪ್ರಮಾಣ ಎಷ್ಟೇ ಇರಲಿ. ಮೂಲ ನಾರ್ವಾಕ್ ವೈರಸ್ ಕರುಳಿನ ಕೋಶಕ್ಕೆ ಅಂಟಿಕೊಳ್ಳುವುದು ಎಚ್ ಮತ್ತು ಎ ಸಕ್ಕರೆಯ ಮೂಲಕ. ಆ ಹಿಡಿಕೆ ಇಲ್ಲದ ಕರುಳಿನಲ್ಲಿ ಅದು ಜಾರಿಕೊಂಡು ಹೊರಹೋಗುತ್ತದೆ. ಸೆಕ್ರೆಟರ್‌ಗಳ ಪೈಕಿ ಒ ಗುಂಪಿನವರಿಗೆ ಈ ವೈರಸ್ ಹೆಚ್ಚು ತಗಲಿತು, ಬಿ ಗುಂಪಿನವರಿಗೆ ಕಡಿಮೆ. ಬಿ ಗುಂಪಿನಲ್ಲಿ ಎಚ್‌ನ ಮೇಲೆ ಗ್ಯಾಲಕ್ಟೋಸ್ ಕೂತು, ಈ ತಳಿ ಹಿಡಿಯುವ ಜಾಗಕ್ಕೆ ಅಡ್ಡವಾಗುತ್ತದೆ. ಕೋವಿಡ್‌ನಲ್ಲಿ ‘ಅದೃಷ್ಟವಂತ’ ಎನಿಸಿಕೊಂಡ ಒ ಗುಂಪು ಇಲ್ಲಿ ಹಿಂದೆ ಬಿತ್ತು ನೋಡಿ. ವೈರಸ್ ಅಲ್ಲದಿದ್ದರೂ ಒಂದು ಮಾತು ಇಲ್ಲೇ ಹೇಳಬೇಕು: ಕಾಲರಾ ಬ್ಯಾಕ್ಟೀರಿಯಾ ಬಡಿದಾಗಲೂ ಭೇದಿ ವಿಪರೀತಕ್ಕೆ ಹೋಗುವುದು ಒ ಗುಂಪಿನವರಲ್ಲೇ ಹೆಚ್ಚು.

ಹಾಗೆಂದು ನಾನ್-ಸೆಕ್ರೆಟರ್‌ಗಳಿಗೆ ನೊರೊವೈರಸ್ ಬರುವುದೇ ಇಲ್ಲ ಎಂದುಕೊಳ್ಳಬಾರದು. ಈ ವೈರಸ್‌ನಲ್ಲಿ ಹತ್ತಾರು ತಳಿಗಳಿವೆ, ಒಂದೊಂದರ ಹಿಡಿತ ಒಂದೊಂದು ಬಗೆ. ಜಗತ್ತಿನಲ್ಲಿ ಬಹುಕಾಲ ಮೇಲುಗೈ ಸಾಧಿಸಿದ ಜಿಐಐ.4 ಎಂಬ ತಳಿ ಎ, ಬಿ, ಎಚ್ ಮೂರನ್ನೂ ಹಿಡಿಯಬಲ್ಲದು. ಅದರ ಯಶಸ್ಸಿಗೆ ಅದೂ ಒಂದು ಕಾರಣ. ನಾನ್-ಸೆಕ್ರೆಟರ್‌ಗಳಿಗೂ ತಗಲುವ ತಳಿಗಳಿವೆ. ಒಂದು ತಳಿಯ ಪ್ರಯೋಗ ನೋಡಿ ಇಡೀ ಕುಟುಂಬಕ್ಕೆ ತೀರ್ಪು ಕೊಡುವುದೇ ಈ ವಿಷಯದಲ್ಲಿ ಪತ್ರಿಕೆಗಳು ಪದೇ ಪದೇ ಎಡವುವ ಜಾಗ.

ರೋಟಾವೈರಸ್ ನಮಗೆ ಇನ್ನೂ ಹತ್ತಿರದ ವಿಷಯ. ಪುಟ್ಟ ಮಕ್ಕಳ ತೀವ್ರ ಭೇದಿಗೆ ದೊಡ್ಡ ಕಾರಣ ಅದೇ. ಅದರ ಹೊರಮೈಯ ಮುಳ್ಳಿನಂಥ ಪ್ರೋಟೀನಿನ ಆಧಾರದ ಮೇಲೆ ‘ಪಿ’ ತಳಿಗಳೆಂದು ವಿಂಗಡಿಸುತ್ತಾರೆ. ಬಹಳ ಸಾಮಾನ್ಯವಾದ ಪಿ8 ತಳಿಗೆ ಸೆಕ್ರೆಟರ್ ಮಕ್ಕಳ ಕರುಳು ಬೇಕು. ಬುರ್ಕಿನಾ ಫಾಸೊ ಮತ್ತು ನಿಕರಾಗುವಾದ ಮಕ್ಕಳನ್ನು ನೋಡಿದ ಅಧ್ಯಯನವೊಂದು 2014ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿತು. ಪಿ6 ತಳಿ ಮಾತ್ರ, ಲೂಯಿಸ್ ಎಂಬ ಇನ್ನೊಂದು ಸಕ್ಕರೆ ಗುಂಪು ಇಲ್ಲದ ಮಕ್ಕಳನ್ನು ಹೆಚ್ಚು ಹಿಡಿಯುತ್ತಿತ್ತು. ಆಫ್ರಿಕಾದಲ್ಲಿ ಅಂಥ ಮಕ್ಕಳು ಹೆಚ್ಚು, ಪಿ6 ಕೂಡ ಅಲ್ಲಿ ಹೆಚ್ಚು.

ಈ ಕಥೆಯಲ್ಲಿ ಬೆಂಗಳೂರಿಗೂ ಒಂದು ಜಾಗವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಇಲ್ಲಿನ ನವಜಾತ ಶಿಶುಗಳಲ್ಲಿ ಐ321 ಎಂಬ ರೋಟಾವೈರಸ್ ತಳಿಯನ್ನು ಗುರುತಿಸಿತು. ಸೋಂಕು ಇತ್ತು, ಮಕ್ಕಳಿಗೆ ಭೇದಿ ಇರಲಿಲ್ಲ. ಆ ವೈರಸ್‌ನ ಎರಡೂ ಹೊರಮೈ ಪ್ರೋಟೀನುಗಳು ದನಗಳ ರೋಟಾವೈರಸ್‌ನವನ್ನೇ ಹೋಲುತ್ತಿದ್ದವು. ದೆಹಲಿಯ ನವಜಾತ ಶಿಶುಗಳಲ್ಲೂ ಇಂಥದೇ ಲಕ್ಷಣವಿಲ್ಲದ ಸೋಂಕು ಸಿಕ್ಕಿತ್ತು. ಆ ತಳಿಯ ಹೆಸರು 116ಇ. ಎರಡೂ ಪಿ11 ಗುಂಪಿಗೆ ಸೇರಿದವು. ನವಜಾತ ಶಿಶುಗಳೇ ಏಕೆ? ಪಿ11 ಹಿಡಿಯುವುದು ಎ, ಬಿ, ಎಚ್ ಯಾವುದೂ ಇನ್ನೂ ಸೇರದ ಹಂತದ ಬುನಾದಿ ಸರವನ್ನು. ಹುಟ್ಟಿದ ಹೊಸದರಲ್ಲಿ ಕರುಳಿನಲ್ಲಿ ಆ ಬುನಾದಿ ಸರವೇ ಹೆಚ್ಚು. ಮಗು ಬೆಳೆದಂತೆ ಅದರ ಮೇಲೆ ಬೇರೆ ಸಕ್ಕರೆಗಳು ಸೇರಿಕೊಳ್ಳುತ್ತವೆ. ದೆಹಲಿಯ 116ಇ ತಳಿಯಿಂದಲೇ ‘ರೋಟಾವ್ಯಾಕ್’ ಲಸಿಕೆ ತಯಾರಾಗಿ 2016ರಿಂದ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು. 6, 10 ಮತ್ತು 14ನೇ ವಾರದಲ್ಲಿ ಬಾಯಿಗೆ ಐದೈದು ಹನಿ. ಪಿ8 ತಳಿಯಿಂದ ಮಾಡಿದ ಬೇರೆ ಲಸಿಕೆಗಳು ನಾನ್-ಸೆಕ್ರೆಟರ್ ಮಕ್ಕಳಲ್ಲಿ ಅಷ್ಟಾಗಿ ನಾಟದಿರುವುದು ಕೆಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ರಕ್ತದ ಗುಂಪಿನ ಈ ವಿಜ್ಞಾನದಿಂದ ನಿಜವಾದ ಉಪಯೋಗ ಆಗುವುದು ಇಂಥ ಕಡೆ, ಯಾವ ಲಸಿಕೆ ಯಾವ ಜನರಲ್ಲಿ ಏಕೆ ಸೋಲುತ್ತದೆ ಎಂದು ಅರಿಯುವಲ್ಲಿ.

ಒಂದು ಅಪರೂಪದ ಗುಂಪು, ಒಂದು ಹಟಮಾರಿ ವೈರಸ್

ಎ-ಬಿ-ಒ ಬಿಟ್ಟು ಇನ್ನೂ ಹತ್ತಾರು ರಕ್ತದ ಗುಂಪಿನ ವ್ಯವಸ್ಥೆಗಳಿವೆ. ಅವುಗಳಲ್ಲಿ ‘ಪಿ’ ಎಂಬ ಸಕ್ಕರೆ-ಕೊಬ್ಬಿನ ರಚನೆ ವೈರಸ್ ಲೋಕದಲ್ಲಿ ಹೆಸರುವಾಸಿ. (ರೋಟಾವೈರಸ್‌ನ ಪಿ ತಳಿಗಳಿಗೂ ಇದಕ್ಕೂ ಸಂಬಂಧವಿಲ್ಲ.) 1975ರಲ್ಲಿ ಲಂಡನ್ನಿನಲ್ಲಿ ಇವಾನ್ ಕಾಸಾರ್ಟ್ ಅವರು ಹೆಪಟೈಟಿಸ್ ಬಿ ಪರೀಕ್ಷೆಗಾಗಿ ರಕ್ತದ ಮಾದರಿಗಳನ್ನು ನೋಡುತ್ತಿದ್ದಾಗ ಹೊಸದೊಂದು ವೈರಸ್ ಸಿಕ್ಕಿತು. ಮಾದರಿಯ ಸಂಖ್ಯೆಯೇ ಅದರ ಹೆಸರಾಯಿತು: ಪಾರ್ವೊವೈರಸ್ ಬಿ19. ಇದು ಮೂಳೆಮಜ್ಜೆಯಲ್ಲಿ ಕೆಂಪು ರಕ್ತಕಣವಾಗಿ ಬೆಳೆಯಬೇಕಾದ ಎಳೆಯ ಕೋಶಗಳನ್ನೇ ಹುಡುಕಿ ಹಿಡಿಯುತ್ತದೆ, ಅದಕ್ಕೆ ಪಿ ರಚನೆ ಬೇಕು. ಸುಮಾರು ಎರಡು ಲಕ್ಷದಲ್ಲಿ ಒಬ್ಬರಿಗೆ ಆ ರಚನೆ ಇರುವುದಿಲ್ಲ. 1994ರಲ್ಲಿ ಅಂಥ 17 ಜನರ ರಕ್ತ ಪರೀಕ್ಷಿಸಿದಾಗ ಒಬ್ಬರಲ್ಲೂ ಹಿಂದೆ ಬಿ19 ತಗಲಿದ ಗುರುತು ಸಿಗಲಿಲ್ಲ.

ಆರೋಗ್ಯವಂತರಲ್ಲಿ ಹಲವರಿಗೆ ಬಿ19 ಬಂದದ್ದೇ ತಿಳಿಯುವುದಿಲ್ಲ. ಏಳೆಂಟು ದಿನ ಕೆಂಪುಕಣಗಳ ಉತ್ಪಾದನೆ ನಿಂತರೂ, ಕಣವೊಂದರ ಆಯಸ್ಸು 120 ದಿನ ಇರುವುದರಿಂದ ಕೊರತೆ ಕಾಣುವುದಿಲ್ಲ. ಕುಡಗೋಲು ರಕ್ತಕಣದ ಕಾಯಿಲೆ, ಅಂದರೆ ಸಿಕಲ್ ಸೆಲ್ ಇರುವವರಲ್ಲಿ ಕಣದ ಆಯಸ್ಸು 10ರಿಂದ 20 ದಿನ ಮಾತ್ರ. ಅವರಲ್ಲಿ ಅದೇ ಏಳೆಂಟು ದಿನಗಳಲ್ಲಿ ಹಿಮೋಗ್ಲೋಬಿನ್ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಈ ಕಾಯಿಲೆ ನಮ್ಮ ರಾಜ್ಯದ ಬುಡಕಟ್ಟು ಸಮುದಾಯಗಳಲ್ಲೂ ಇದೆ. ಹಾಗಾಗಿ ಸಿಕಲ್ ಸೆಲ್ ಇರುವ ಮಗುವಿಗೆ ಜ್ವರದ ಜೊತೆ ದಿಢೀರನೆ ಬಿಳಿಚಿಕೊಂಡು ಸುಸ್ತಾದರೆ ಹಿಮೋಗ್ಲೋಬಿನ್ ಜೊತೆ ರೆಟಿಕ್ಯುಲೋಸೈಟ್ (ಮಜ್ಜೆಯಿಂದ ಹೊಸದಾಗಿ ಹೊರಬಂದ ಎಳೆಯ ಕೆಂಪುಕಣ) ಎಣಿಕೆಯನ್ನೂ ಅದೇ ದಿನ ಮಾಡಿಸಬೇಕು. ಸದಾ ಹೆಚ್ಚಿರಬೇಕಾದ ಆ ಎಣಿಕೆ ಶೇ. 1ಕ್ಕಿಂತ ಕೆಳಗಿಳಿದಿದ್ದರೆ ಮಜ್ಜೆ ಕೆಲಸ ನಿಲ್ಲಿಸಿದೆ ಎಂದರ್ಥ. ಆ ಮಗುವಿಗೆ ರಕ್ತ ಬೇಕಾಗುತ್ತದೆ.

ಕೋವಿಡ್‌ನ ಲೆಕ್ಕ

ಕೋವಿಡ್‌ನಲ್ಲಿ ಸಂಬಂಧ ಇನ್ನೊಂದು ದಾರಿಯಲ್ಲಿ ಬರುತ್ತದೆ ಎಂಬುದು ಬಲವಾದ ವಾದ. ಎ ಗುಂಪಿನವರ ರಕ್ತದಲ್ಲಿ ಬಿ ವಿರುದ್ಧ ಪ್ರತಿಕಾಯ, ಬಿ ಗುಂಪಿನವರಲ್ಲಿ ಎ ವಿರುದ್ಧ ಪ್ರತಿಕಾಯ, ಒ ಗುಂಪಿನವರಲ್ಲಿ ಎರಡೂ ಇರುತ್ತವೆ. ಎಬಿಯವರಲ್ಲಿ ಎರಡೂ ಇಲ್ಲ. ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲಿನ ಇಂಥದೇ ಸಕ್ಕರೆಗಳನ್ನು ಕಂಡು ದೇಹ ಇವನ್ನು ಹುಟ್ಟಿದ ಕೆಲವು ತಿಂಗಳಲ್ಲೇ ತಯಾರಿಸಿಕೊಳ್ಳುತ್ತದೆ. ಇನ್ನು ವೈರಸ್ ಕಡೆ ನೋಡಿ. ಕೊರೊನಾವೈರಸ್‌ಗೆ ಹೊರಗವಚ ಇದೆ, ಅದರ ಮೇಲಿನ ಪ್ರೋಟೀನಿಗೆ ಸಕ್ಕರೆ ತೊಡಿಸುವುದು ಅದು ಬೆಳೆದ ಕೋಶ. ಎ ಗುಂಪಿನ ಸೆಕ್ರೆಟರ್ ಒಬ್ಬರ ಗಂಟಲಲ್ಲಿ ಬೆಳೆದ ವೈರಸ್ ಎ ಸಕ್ಕರೆಯನ್ನು ಹೊತ್ತು ಹೊರಬರಬಹುದು. ಅದು ಒ ಗುಂಪಿನವರ ಮೂಗಿಗೆ ಹೋದರೆ ಅಲ್ಲಿ ಎ ವಿರುದ್ಧ ಪ್ರತಿಕಾಯ ಎದುರಾಗುತ್ತದೆ. ಕೋವಿಡ್ ವೈರಸ್ಸಿನ ಸಂಬಂಧಿಯಾದ 2003ರ ಸಾರ್ಸ್ ವೈರಸ್‌ನ ಮುಳ್ಳು ಪ್ರೋಟೀನು ಕೋಶಕ್ಕೆ ಅಂಟುವುದನ್ನು ಎ ವಿರುದ್ಧ ಪ್ರತಿಕಾಯ ತಡೆಯುತ್ತದೆ ಎಂದು ಫ್ರಾನ್ಸಿನ ತಂಡ 2008ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿತ್ತು. ದಡಾರ, ಎಚ್‌ಐವಿ ವೈರಸ್‌ಗಳ ಮೇಲೂ ಇಂಥ ಪ್ರಯೋಗಗಳು ನಡೆದಿವೆ.

ಈ ವಾದ ಸರಿಯಾದರೆ ಸೋಂಕು ಹರಡುವ ದಾರಿ ರಕ್ತ ಕೊಡುವ-ಪಡೆಯುವ ನಿಯಮವನ್ನೇ ಹೋಲಬೇಕು. ಒ ಇಂದ ಯಾರಿಗಾದರೂ ಸಲೀಸು. ಎ ಇಂದ ಒ ಗುಂಪಿಗೆ, ಬಿ ಇಂದ ಒ ಗುಂಪಿಗೆ ಸ್ವಲ್ಪ ಕಷ್ಟ. ಆದರೆ ತಡೆ ಇರುವುದು ಬಾಗಿಲಲ್ಲಿ ಮಾತ್ರ. ಒಮ್ಮೆ ಒಳಹೊಕ್ಕು ಒಂದು ಸುತ್ತು ಬೆಳೆದ ವೈರಸ್ ನಮ್ಮದೇ ಸಕ್ಕರೆ ತೊಟ್ಟಿರುತ್ತದೆ, ಆಗ ನಮ್ಮ ಪ್ರತಿಕಾಯಕ್ಕೆ ಅದು ಅನ್ಯವಲ್ಲ. 19 ದೇಶಗಳ 49,562 ರೋಗಿಗಳನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಜೀನ್ ಅಧ್ಯಯನದಲ್ಲಿ ರಕ್ತದ ಗುಂಪಿನ ಜೀನು ಕಾಯಿಲೆಯ ತೀವ್ರತೆಗಿಂತ ಸೋಂಕು ತಗಲುವುದಕ್ಕೇ ಹೆಚ್ಚು ಹೊಂದಿಕೊಂಡಿತು. ಇನ್ನೊಂದು ಎಳೆಯೂ ಇದೆ. ಒ ಅಲ್ಲದವರಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ವಾನ್ ವಿಲ್ಲಿಬ್ರಾಂಡ್ ಅಂಶ ಶೇ. 25ರಷ್ಟು ಹೆಚ್ಚಿರುತ್ತದೆ, ಅಭಿಧಮನಿಗಳಲ್ಲಿ ಹೆಪ್ಪು ಕಟ್ಟುವ ಅಪಾಯವೂ ಅವರಿಗೆ ಹೆಚ್ಚು. ಕೋವಿಡ್ ಹೆಪ್ಪುಗಟ್ಟಿಸುವ ಕಾಯಿಲೆಯೂ ಹೌದಾದ್ದರಿಂದ ಇದನ್ನು ಪಕ್ಕಕ್ಕೆ ಸರಿಸುವಂತಿಲ್ಲ.

ಪರಿಣಾಮದ ಗಾತ್ರ ಎಷ್ಟು? ಡೆನ್ಮಾರ್ಕಿನ ಅಂಕಿ ತೆಗೆದುಕೊಂಡು ನೀವೇ ಲೆಕ್ಕ ಹಾಕಬಹುದು. ಅಲ್ಲಿ ಗುಂಪು ಗೊತ್ತಿದ್ದು ಪರೀಕ್ಷೆಗೆ ಒಳಗಾದವರು 4,73,654 ಮಂದಿ, ಸೋಂಕು ಕಂಡದ್ದು 7,422 ಜನರಲ್ಲಿ. ಸೋಂಕಿತರಲ್ಲಿ ಒ ಗುಂಪು ಶೇ. 38.41, ಹೋಲಿಕೆಗೆ ತೆಗೆದುಕೊಂಡ ಸುಮಾರು 22 ಲಕ್ಷ ಜನರಲ್ಲಿ ಶೇ. 41.70. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.92. ಒ ಅಲ್ಲದವರಿಗೆ ಇದೇ ಲೆಕ್ಕ: 61.59 ಭಾಗಿಸು 58.30, ಅಂದರೆ 1.06. ಇವೆರಡರ ಅನುಪಾತ ಸುಮಾರು 0.87. ಬೇರೆ ಗುಂಪುಗಳ ಸಾವಿರ ಜನರಲ್ಲಿ 100 ಮಂದಿಗೆ ಸೋಂಕು ತಗಲುವ ಕಡೆ ಒ ಗುಂಪಿನ ಸಾವಿರದಲ್ಲಿ 87 ಮಂದಿಗೆ ತಗಲುತ್ತದೆ. ವ್ಯತ್ಯಾಸ ನಿಜ, ಆದರೆ 87 ಎಂಬುದು ಸೊನ್ನೆಯಲ್ಲ. ಗಾಳಿಯಾಡದ ಕೋಣೆಯಲ್ಲಿ ಕಳೆದ ಒಂದು ಗಂಟೆ ಈ ಅನುಕೂಲವನ್ನು ನುಂಗಿಹಾಕಬಲ್ಲದು.

ಇಟಲಿ ಮತ್ತು ಸ್ಪೇನಿನ ತೀವ್ರ ರೋಗಿಗಳ ಜೀನ್ ಅಧ್ಯಯನದಲ್ಲಿ ಅಂತರ ಇನ್ನೂ ದೊಡ್ಡದಾಗಿ ಕಂಡಿತು: ಉಳಿದ ಗುಂಪುಗಳದನ್ನು 1 ಎಂದಿಟ್ಟುಕೊಂಡರೆ ಎ ಗುಂಪಿಗೆ 1.45, ಒ ಗುಂಪಿಗೆ 0.65. ಅಮೆರಿಕದ ಯೂಟಾ ಪ್ರಾಂತ್ಯದ ಆಸ್ಪತ್ರೆ ಜಾಲದಲ್ಲಿ 1,07,796 ಜನರನ್ನು ನೋಡಿದಾಗ ಏನೂ ಸಂಬಂಧ ಕಾಣಲಿಲ್ಲ. ಇಂಥ ಏರುಪೇರು ಏಕೆ? ಯಾರೊಡನೆ ಹೋಲಿಸಿದರು ಎಂಬುದೇ ಮೊದಲ ಕಾರಣ. ರೋಗಿಗಳನ್ನು ರಕ್ತದಾನಿಗಳೊಡನೆ ಹೋಲಿಸುವುದು ಸುಲಭ, ಏಕೆಂದರೆ ದಾನಿಗಳ ಗುಂಪು ದಾಖಲೆಯಲ್ಲಿರುತ್ತದೆ. ಆದರೆ ಒ ರಕ್ತಕ್ಕೆ ಬೇಡಿಕೆ ಹೆಚ್ಚಾದ್ದರಿಂದ ರಕ್ತನಿಧಿಗಳು ಒ ಗುಂಪಿನವರನ್ನು ಮತ್ತೆ ಮತ್ತೆ ಕರೆಯುತ್ತವೆ. ದಾನಿಗಳ ಪಟ್ಟಿಯಲ್ಲಿ ಒ ಗುಂಪಿನ ಪಾಲು ಊರಿನಲ್ಲಿರುವುದಕ್ಕಿಂತ ಹೆಚ್ಚಿದ್ದರೆ, ರೋಗಿಗಳಲ್ಲಿ ಒ ಕಡಿಮೆಯಾದಂತೆ ತಾನಾಗಿಯೇ ಕಾಣುತ್ತದೆ. ಎರಡನೆಯದು ಸಮುದಾಯ. ಗುಂಪುಗಳ ಪಾಲು ಸಮುದಾಯದಿಂದ ಸಮುದಾಯಕ್ಕೆ ಬದಲಾಗುತ್ತದೆ. ಸೋಂಕು ಮೊದಲು ಒಂದು ಬಡಾವಣೆಯಲ್ಲಿ ಹಬ್ಬಿದರೆ, ಅಲ್ಲಿ ಹೆಚ್ಚಿರುವ ಗುಂಪೇ ಅಪರಾಧಿಯಾಗಿಬಿಡುತ್ತದೆ. ಮೂರನೆಯದು, ಆಸ್ಪತ್ರೆಯಲ್ಲಿ ಗುಂಪು ಪರೀಕ್ಷೆ ಎಲ್ಲರಿಗೂ ಮಾಡುವುದಿಲ್ಲ; ಹೆರಿಗೆ, ಶಸ್ತ್ರಚಿಕಿತ್ಸೆ, ರಕ್ತ ಬೇಕಾದ ಗಂಭೀರ ಸ್ಥಿತಿ ಇದ್ದವರ ದಾಖಲೆ ಮಾತ್ರ ಸಿಗುತ್ತದೆ.

ಕರ್ನಾಟಕಕ್ಕೆ ಬಂದರೆ ಇನ್ನೊಂದು ಎಚ್ಚರ. ಬೆಂಗಳೂರಿನ ರಕ್ತದಾನಿಗಳಲ್ಲಿ ಸರಿಸುಮಾರು ಶೇ. 40 ಒ, 30 ಬಿ, 24 ಎ, 6 ಎಬಿ. ಪಶ್ಚಿಮ ಯುರೋಪಿನಲ್ಲಿ ಎ ಶೇ. 40ರ ಆಸುಪಾಸು, ಬಿ ಹತ್ತರ ಆಸುಪಾಸು. ಅಲ್ಲಿನ ಅಧ್ಯಯನಗಳು ಮುಖ್ಯವಾಗಿ ಎ ಮತ್ತು ಒ ನಡುವಿನ ಹೋಲಿಕೆ. ಪ್ರತಿಕಾಯದ ವಾದ ಸರಿಯಾದರೆ, ಸುಮಾರು ಮೂವರಲ್ಲಿ ಒಬ್ಬರು ಬಿ ಇರುವ ನಮ್ಮಲ್ಲಿ ಬಿ ಸಕ್ಕರೆ ಹೊತ್ತ ವೈರಸ್ ಹೆಚ್ಚು ಓಡಾಡುತ್ತದೆ. ಹಾಗಾಗಿ ಬಿ ವಿರುದ್ಧ ಪ್ರತಿಕಾಯಕ್ಕೆ ಇಲ್ಲಿ ಕೆಲಸ ಹೆಚ್ಚು. ಅಲ್ಲಿನ ಅಂಕಿಯನ್ನು ಇಲ್ಲಿಗೆ ಹಾಗೇ ಎತ್ತಿಕೊಳ್ಳಲು ಬರುವುದಿಲ್ಲ.

ಅಧ್ಯಯನ ಮಾಡುವವರಿಗೆ: ಪರೀಕ್ಷೆಯೇ ತಪ್ಪಾದರೆ

ವೈದ್ಯಕೀಯ ವಿದ್ಯಾರ್ಥಿಗಳು ಈ ವಿಷಯವನ್ನು ಪ್ರಬಂಧಕ್ಕೆ ಆರಿಸಿಕೊಳ್ಳುವುದು ಹೆಚ್ಚಾಗಿದೆ. ಅವರಿಗಾಗಿ ಒಂದಿಷ್ಟು ಬಿಡಿಸಿ ಹೇಳುವುದು ಅಗತ್ಯ.

ರೋಗಿ ಬಾಯಿಮಾತಿನಲ್ಲಿ ಹೇಳಿದ ಗುಂಪನ್ನು ಬರೆದುಕೊಳ್ಳಬೇಡಿ. ಶಿಬಿರಗಳಲ್ಲಿ ಗಾಜಿನ ಸ್ಲೈಡ್ ಮೇಲೆ ಮಾಡುವ ಪರೀಕ್ಷೆಯನ್ನೂ ನೆಚ್ಚಬೇಡಿ. ಅಲ್ಲಿ ನೀಲಿ ಬಣ್ಣದ ಆಂಟಿ-ಎ (ಎ ವಿರುದ್ಧ ಪ್ರತಿಕಾಯ) ಒಂದು ಹನಿ, ಹಳದಿ ಬಣ್ಣದ ಆಂಟಿ-ಬಿ ಒಂದು ಹನಿ ಹಾಕಿ, ರಕ್ತ ಬೆರೆಸಿ, ಎರಡು ನಿಮಿಷ ಅಲ್ಲಾಡಿಸಿ ನೋಡುತ್ತಾರೆ. ಫ್ಯಾನಿನ ಗಾಳಿಗೆ ಅಂಚು ಒಣಗಿದರೆ ಗಂಟುಗಟ್ಟಿದಂತೆಯೇ ಕಾಣುತ್ತದೆ; ಹಾಗೆ ಒ ಗುಂಪು ಎ ಆದದ್ದುಂಟು. ಟ್ಯೂಬಿನಲ್ಲಿ ಮಾಡಬೇಕು. ರಕ್ತಕಣಗಳನ್ನು ಸಲೈನಿನಲ್ಲಿ ತೊಳೆದು ಶೇ. 2ರಿಂದ 5ರ ದ್ರಾವಣ ಮಾಡಿ, ಆಂಟಿಸೀರಂ ಜೊತೆ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ಸುತ್ತಿಸಿ ಮೆಲ್ಲಗೆ ಅಲುಗಿಸಿ ನೋಡಿ. ಇದು ಮುಮ್ಮುಖ ಪರೀಕ್ಷೆ. ಅದೇ ವ್ಯಕ್ತಿಯ ಸೀರಂಗೆ ಗೊತ್ತಿರುವ ಎ, ಬಿ, ಒ ಕಣಗಳನ್ನು ಹಾಕಿ ಹಿಮ್ಮುಖ ಪರೀಕ್ಷೆಯನ್ನೂ ಮಾಡಿ. ಎರಡೂ ತಾಳೆಯಾದರೆ ಮಾತ್ರ ಗುಂಪು ಬರೆಯಿರಿ. ಪುಟ್ಟ ಶಿಶುಗಳಲ್ಲಿ ಪ್ರತಿಕಾಯ ಇನ್ನೂ ತಯಾರಾಗಿರದ ಕಾರಣ ಹಿಮ್ಮುಖ ಪರೀಕ್ಷೆಗೆ ಅರ್ಥವಿಲ್ಲ.

ಕರುಳಿನ ವೈರಸ್ ಬಗ್ಗೆ ಅಧ್ಯಯನವಾದರೆ ಜೊಲ್ಲಿನ ಪರೀಕ್ಷೆ ಬೇಕೇ ಬೇಕು. 5 ಮಿ.ಲೀ. ಜೊಲ್ಲು ಸಂಗ್ರಹಿಸಿ, ಸುತ್ತಿಸಿ, ಮೇಲಿನ ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆದು, ಕುದಿಯುವ ನೀರಿನಲ್ಲಿ 8ರಿಂದ 10 ನಿಮಿಷ ಇಡಿ. ಕುದಿಸದಿದ್ದರೆ ಜೊಲ್ಲಿನ ಕಿಣ್ವಗಳು ನೀವು ಹುಡುಕುತ್ತಿರುವ ಸಕ್ಕರೆಯನ್ನೇ ಕಡಿದುಹಾಕುತ್ತವೆ. ಮತ್ತೆ ಸುತ್ತಿಸಿ, ತಿಳಿಗೆ ಅಷ್ಟೇ ಸಲೈನ್ ಬೆರೆಸಿ. ಇದರ ಒಂದು ಹನಿಯನ್ನು ತೆಳು ಮಾಡಿದ ಆಂಟಿ-ಎಚ್ ಒಂದು ಹನಿಯ ಜೊತೆ ಹತ್ತು ನಿಮಿಷ ಬಿಟ್ಟು, ಆಮೇಲೆ ಒ ಕಣಗಳ ಒಂದು ಹನಿ ಹಾಕಿ. ಅರ್ಧ ಗಂಟೆಯಿಂದ ಒಂದು ಗಂಟೆ ಕಾದು, ಸುತ್ತಿಸಿ ನೋಡಿ. ಕಣಗಳು ಗಂಟುಗಟ್ಟದಿದ್ದರೆ ಜೊಲ್ಲಿನ ಎಚ್ ಆಂಟಿ-ಎಚ್ಚನ್ನು ಮೊದಲೇ ಹೀರಿಕೊಂಡಿದೆ, ಆ ವ್ಯಕ್ತಿ ಸೆಕ್ರೆಟರ್. ಗಂಟುಗಟ್ಟಿದರೆ ನಾನ್-ಸೆಕ್ರೆಟರ್. ಆಂಟಿ-ಎಚ್ ಎಷ್ಟು ತೆಳುವಿರಬೇಕು ಎಂಬಲ್ಲಿ ಎಲ್ಲರೂ ಎಡವುತ್ತಾರೆ. ಗಟ್ಟಿಯಾಗಿದ್ದರೆ ಜೊಲ್ಲು ಹೀರಿಕೊಂಡ ಮೇಲೂ ಮಿಕ್ಕಿ, ಸೆಕ್ರೆಟರ್‌ಗಳೆಲ್ಲ ನಾನ್-ಸೆಕ್ರೆಟರ್ ಆಗಿಬಿಡುತ್ತಾರೆ. ಮೊದಲು ಸರಣಿ ದ್ರಾವಣ ಮಾಡಿ, ಒ ಕಣಗಳನ್ನು 2+ ಮಟ್ಟಕ್ಕೆ ಗಂಟುಗಟ್ಟಿಸುವ ಹಂತವನ್ನು ಆರಿಸಿಕೊಳ್ಳಿ. ಗೊತ್ತಿರುವ ಸೆಕ್ರೆಟರ್, ಗೊತ್ತಿರುವ ನಾನ್-ಸೆಕ್ರೆಟರ್, ಬರೀ ಸಲೈನ್, ಈ ಮೂರು ಟ್ಯೂಬುಗಳು ಪ್ರತಿ ಸಲವೂ ಪಕ್ಕದಲ್ಲಿರಲಿ.

ಕೆಲವು ಪ್ರಶ್ನೆಗಳು

*ಬಾಂಬೆ ಗುಂಪಿನವರಿಗೆ ಈ ವೈರಸ್‌ಗಳು ಬರುವುದಿಲ್ಲವೇ?*

1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಲ್ಲಿ ಗುರುತಿಸಿದ ಗುಂಪು ಅದು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು. ನಮ್ಮ ದೇಶದಲ್ಲಿ ಕಾಣುವ ಸಾಮಾನ್ಯ ಬಗೆಯಲ್ಲಿ ಎಫ್‌ಯುಟಿ1 ಕೆಟ್ಟಿರುತ್ತದೆ, ಎಫ್‌ಯುಟಿ2 ಪೂರ್ತಿ ಅಳಿಸಿಹೋಗಿರುತ್ತದೆ. ರಕ್ತದಲ್ಲೂ ಎಚ್ ಇಲ್ಲ, ಕರುಳಿನಲ್ಲೂ ಇಲ್ಲ. ಆದ್ದರಿಂದ ಮೂಲ ನಾರ್ವಾಕ್‌ನಂಥ ತಳಿಗೆ ಅವರಲ್ಲಿ ಹಿಡಿಕೆ ಸಿಗದು. ಬೇರೆ ತಳಿಗಳು, ಬೇರೆ ವೈರಸ್‌ಗಳು ಬರುತ್ತವೆ. ಅವರಿಗೆ ಇದಕ್ಕಿಂತ ಮುಖ್ಯವಾದ ವಿಷಯ ರಕ್ತದ್ದು. ಮುಮ್ಮುಖ ಪರೀಕ್ಷೆ ಒಂದೇ ಮಾಡಿದರೆ ಅವರದು ಒ ಎಂದು ಬರುತ್ತದೆ. ಒ ರಕ್ತ ಕೊಟ್ಟರೆ ಅವರ ಆಂಟಿ-ಎಚ್ ಅದನ್ನು ಒಡೆದುಹಾಕುತ್ತದೆ. ಹಿಮ್ಮುಖ ಪರೀಕ್ಷೆಯಲ್ಲಿ ಒ ಕಣಗಳೂ ಗಂಟುಗಟ್ಟಿದರೆ ಅಲ್ಲೇ ನಿಲ್ಲಿಸಿ, ಮುಂದಿನ ಪರೀಕ್ಷೆಗೆ ಕಳಿಸಬೇಕು.

*ಪಾಸಿಟಿವ್, ನೆಗೆಟಿವ್‌ಗೂ ವೈರಸ್‌ಗೂ ಸಂಬಂಧ ಇದೆಯೇ?*

ಆರ್‌ಎಚ್ ಡಿ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಅದು ಸಕ್ಕರೆಯಲ್ಲ, ಪ್ರೋಟೀನು. ಅದು ಕೆಂಪು ರಕ್ತಕಣದ ಮೇಲಷ್ಟೇ ಇದೆ. ಮೂಗಿನಲ್ಲಿ, ಕರುಳಿನಲ್ಲಿ ಇಲ್ಲ. ಇಲ್ಲಿ ವಿವರಿಸಿದ ದಾರಿಗಳಲ್ಲಿ ಒಂದೂ ಅದಕ್ಕೆ ಹೊಂದುವುದಿಲ್ಲ.

*ಒ ಗುಂಪಿನವರಿಗೆ ಸೊಳ್ಳೆ ಹೆಚ್ಚು ಕಚ್ಚಿ ಡೆಂಗಿ ಹೆಚ್ಚು ಬರುತ್ತದೆ ಎನ್ನುತ್ತಾರಲ್ಲ?*

ಏಷ್ಯನ್ ಟೈಗರ್ ಸೊಳ್ಳೆ ಎ ಗುಂಪಿನವರಿಗಿಂತ ಒ ಗುಂಪಿನವರ ಮೇಲೆ ಹೆಚ್ಚು ಕೂತಿತು ಎಂದು ಜಪಾನಿನ ಒಂದು ಸಣ್ಣ ಪ್ರಯೋಗ 2004ರಲ್ಲಿ ಹೇಳಿತ್ತು. ಸೊಳ್ಳೆಯನ್ನು ಸೆಳೆಯುವುದರಲ್ಲಿ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಶಾಖ, ಚರ್ಮದ ಮೇಲಿನ ಆಮ್ಲಗಳ ಪಾತ್ರ ದೊಡ್ಡದು. ಡೆಂಗಿಯ ತೀವ್ರತೆಯ ಬಗ್ಗೆ ಥಾಯ್ಲೆಂಡ್‌ನಿಂದ 2007ರಲ್ಲಿ ಬಂದ ಅಧ್ಯಯನದಲ್ಲಿ, ಎರಡನೇ ಸಲ ಸೋಂಕಾದಾಗ ಎಬಿ ಗುಂಪಿನವರಿಗೆ ಅಪಾಯ ಹೆಚ್ಚು ಎಂದಿತ್ತು. ಮನೆಯ ಸುತ್ತ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಪಾತ್ರೆಯ ಒಳಮೈ ಉಜ್ಜಿದರೆ ನಾಲ್ಕೂ ಗುಂಪಿನವರಿಗೆ ರಕ್ಷಣೆ.

*ಮನೆಯಲ್ಲಿ ಒಬ್ಬರಿಗೆ ವಾಂತಿ-ಭೇದಿ ಶುರುವಾದರೆ ಉಳಿದವರು ಏನು ಮಾಡಬೇಕು?*

ಗುಂಪು ನೋಡುತ್ತ ಕೂರಬೇಡಿ. ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು. ವಾಂತಿಯಾದ ಜಾಗವನ್ನು ಮೊದಲು ಕಾಗದದಿಂದ ಒರೆಸಿ ತೆಗೆದು, ಲೀಟರ್ ನೀರಿಗೆ 3 ಗ್ರಾಂ ತಾಜಾ ಬ್ಲೀಚಿಂಗ್ ಪೌಡರ್ ಅಥವಾ ಶೇ. 5ರ ದ್ರವ ಬ್ಲೀಚ್ 20 ಮಿ.ಲೀ. ಬೆರೆಸಿ ಸುರಿದು, ಐದು ನಿಮಿಷವಾದರೂ ಬಿಟ್ಟು ಒರೆಸಿ. ತೆರೆದಿಟ್ಟ ಹಳೆಯ ಪೌಡರ್‌ನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಬ್ಲೀಚ್ ಜೊತೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ. ಕಾಯಿಲೆ ಬಿದ್ದವರು ಗುಣವಾದ ಮೇಲೂ ಕನಿಷ್ಠ ಎರಡು ದಿನ ಅಡುಗೆ ಮಾಡಬಾರದು. ಮಗುವಿಗಾದರೆ ಒಆರ್‌ಎಸ್ ಪ್ಯಾಕೆಟ್ಟನ್ನು ಪೂರ್ತಿ, ಅದರ ಮೇಲೆ ಬರೆದಷ್ಟೇ ನೀರಿಗೆ (ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್) ಹಾಕಿ. ಅರ್ಧ ಪ್ಯಾಕೆಟ್ಟನ್ನು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ. ಸತುವಿನ ಮಾತ್ರೆ 14 ದಿನ. ಎರಡರಿಂದ ಆರು ತಿಂಗಳ ಮಗುವಿಗೆ ಅದರ ಅರ್ಧ. ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಕಣ್ಣು ಒಳಕ್ಕೆ ಹೋದರೆ, ಆರು ಗಂಟೆ ಮೂತ್ರ ಮಾಡದಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.